ಯುರೋಪಿನಲ್ಲಿ ಕೈಗೆಟುಕುವ ವಸತಿ

ಯುರೋಪಿನಲ್ಲಿ ಕೈಗೆಟುಕುವ ವಸತಿ ಎಂಬುದು ಸರಾಸರಿ ವೇತನ ಪಡೆಯುವ ವ್ಯಕ್ತಿ ಅಥವಾ ಕುಟುಂಬವು ಊಟ, ಶಿಕ್ಷಣ, ಪ್ರಯಾಣ ಮುಂತಾದ ಇತರ ಅಗತ್ಯಗಳಿಗೆ ಕುಂದು ಬಾರದಂತೆ ಮನೆಯೊಂದನ್ನು ಕೊಳ್ಳಲು ಇಲ್ಲವೆ ಬಾಡಿಗೆಗೆ ಪಡೆಯಲು ಎಷ್ಟರ ಮಟ್ಟಿಗೆ ಶಕ್ತವಾಗಿದೆ ಎಂಬುದನ್ನು ಕುರಿತ ಆರ್ಥಿಕ ಹಾಗೂ ಸಾಮಾಜಿಕ ವಿಷಯವಾಗಿದೆ. 2010ರ ನಂತರ ಯುರೋಪಿನ ಬಹುತೇಕ ದೇಶಗಳಲ್ಲಿ, ಅದರಲ್ಲಿಯೂ ದೊಡ್ಡ ನಗರಗಳಲ್ಲಿ, ಮನೆಗಳ ಬೆಲೆ ತೀವ್ರವಾಗಿ ಏರಿದ್ದರಿಂದ ಇದು ಚುನಾವಣೆಗಳ ಹಾಗೂ ಬೀದಿ ಹೋರಾಟಗಳ ಪ್ರಮುಖ ವಿಷಯವಾಯಿತು. 2010ರಿಂದ 2023ರ ನಡುವೆ ಯುರೋಪಿಯನ್ ಒಕ್ಕೂಟದಲ್ಲಿ ಮನೆಗಳ ಬೆಲೆ ಒಟ್ಟಾರೆಯಾಗಿ ಸುಮಾರು ಅರ್ಧದಷ್ಟು ಹಾಗೂ ಬಾಡಿಗೆ ಸುಮಾರು ಐದನೆಯ ಒಂದು ಭಾಗದಷ್ಟು ಹೆಚ್ಚಿತು. ಆದರೆ ಈ ಏರಿಕೆ ಎಲ್ಲೆಡೆಯೂ ಒಂದೇ ಬಗೆಯದಲ್ಲ. ಎಸ್ಟೋನಿಯ ಮತ್ತು ಹಂಗೇರಿಗಳಲ್ಲಿ ಬೆಲೆ ಹಲವು ಪಟ್ಟು ಏರಿದರೆ, ಇಟಲಿಯಲ್ಲಿ 2023ರ ಬೆಲೆ 2010ರ ಮಟ್ಟಕ್ಕಿಂತ ಕೆಳಗೇ ಇತ್ತು.

## ಅಳೆಯುವ ವಿಧಾನಗಳು

ವಸತಿ ಕೈಗೆಟುಕುತ್ತದೆಯೇ ಎಂಬುದನ್ನು ನಿರ್ಧರಿಸಲು ಒಂದೇ ಅಳತೆಗೋಲು ಇಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಧಾನಗಳು ಮೂರು.

ಆದಾಯದಲ್ಲಿ ವಸತಿವೆಚ್ಚದ ಪಾಲು. ತೆರಿಗೆ ಕಳೆದು ಕೈಗೆ ಸಿಗುವ ಆದಾಯದಲ್ಲಿ ಎಷ್ಟು ಭಾಗ ವಸತಿಗೆ ಹೋಗುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್, ಬಾಡಿಗೆ ಅಥವಾ ಸಾಲದ ಬಡ್ಡಿಯ ಜೊತೆಗೆ ನೀರು, ವಿದ್ಯುತ್, ಅನಿಲ, ಮನೆ ಕಾಯಿಸುವ ಖರ್ಚು ಹಾಗೂ ದುರಸ್ತಿಯನ್ನೂ ವಸತಿವೆಚ್ಚದಲ್ಲಿ ಸೇರಿಸುತ್ತದೆ. ಈ ವೆಚ್ಚವು ಆದಾಯದ ಶೇ. 40ನ್ನು ಮೀರಿದರೆ ಆ ಕುಟುಂಬವು ‘ವಸತಿವೆಚ್ಚದ ಅತಿಹೊರೆ’ ಹೊತ್ತಿದೆ ಎಂದು ಪರಿಗಣಿಸಲಾಗುತ್ತದೆ. 2023ರಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ. 9ರ ಆಸುಪಾಸು ಜನರು ಈ ಗುಂಪಿಗೆ ಸೇರಿದ್ದರು. ನಗರಗಳಲ್ಲಿ ಈ ಪ್ರಮಾಣ ಗ್ರಾಮೀಣ ಪ್ರದೇಶಗಳಿಗಿಂತ ಹೆಚ್ಚು. ದೇಶಗಳ ಪೈಕಿ ಗ್ರೀಸ್ ಅತಿ ಹೆಚ್ಚಿನ ಹೊರೆ ಹೊತ್ತಿದ್ದು, ಅಲ್ಲಿನ ಜನಸಂಖ್ಯೆಯ ಕಾಲುಭಾಗಕ್ಕೂ ಹೆಚ್ಚು ಮಂದಿ ಈ ಮಿತಿಯನ್ನು ದಾಟಿದ್ದರು.

ಬೆಲೆ ಮತ್ತು ವೇತನದ ಅನುಪಾತ. ಒಂದು ಮನೆಯ ಬೆಲೆ ಎಷ್ಟು ವರ್ಷಗಳ ವೇತನಕ್ಕೆ ಸಮ ಎಂಬುದನ್ನು ಇದು ತೋರಿಸುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಪ್ರಕಾರ ಇಂಗ್ಲೆಂಡಿನಲ್ಲಿ ಈ ಅನುಪಾತ 1997ರಲ್ಲಿ ಸುಮಾರು 3.5 ಇತ್ತು, 2021ರಲ್ಲಿ ಅದು 9ರ ಸಮೀಪಕ್ಕೆ ಏರಿ, ನಂತರ ಸ್ವಲ್ಪ ಇಳಿಯಿತು. ಡೆಲಾಯ್ಟ್ ಸಂಸ್ಥೆ ಪ್ರಕಟಿಸುವ ವಾರ್ಷಿಕ ಸೂಚ್ಯಂಕವು 70 ಚದರ ಮೀಟರ್ ವಿಸ್ತೀರ್ಣದ ಹೊಸ ಮನೆಯನ್ನು ಕೊಳ್ಳಲು ಎಷ್ಟು ವರ್ಷಗಳ ಒಟ್ಟು ವೇತನ ಬೇಕೆಂದು ಲೆಕ್ಕ ಹಾಕುತ್ತದೆ. ಈ ಪಟ್ಟಿಯಲ್ಲಿ ಝೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಗಳು ಇತ್ತೀಚಿನ ವರ್ಷಗಳಲ್ಲಿ 10 ವರ್ಷಕ್ಕೂ ಹೆಚ್ಚಿನ ವೇತನದೊಂದಿಗೆ ಮೇಲಿನ ಸ್ಥಾನಗಳಲ್ಲಿವೆ.

ಉಳಿಕೆ ಆದಾಯ. ವಸತಿವೆಚ್ಚವನ್ನು ಕಳೆದ ಮೇಲೆ ಉಳಿಯುವ ಹಣ ಜೀವನ ನಿರ್ವಹಣೆಗೆ ಸಾಕೇ ಎಂಬುದನ್ನು ಇದು ನೋಡುತ್ತದೆ. ಅಧಿಕ ವೇತನದವನಿಗೆ ಆದಾಯದ ಶೇ. 40 ಬಾಡಿಗೆಗೆ ಹೋದರೂ ತೊಂದರೆಯಾಗದೆ ಇರಬಹುದು. ಕಡಿಮೆ ವೇತನದವನಿಗೆ ಶೇ. 30 ಕೂಡ ಭಾರವಾಗಬಹುದು.

ಸರಾಸರಿ ಅಂಕಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಒಕ್ಕೂಟದಲ್ಲಿ ವಸತಿಗೆ ವ್ಯಯವಾಗುವ ಪಾಲು ಸರಾಸರಿ ಶೇ. 20ರಷ್ಟು ಮಾತ್ರ. ಇದಕ್ಕೆ ಕಾರಣ, ಜನಸಂಖ್ಯೆಯ ಸುಮಾರು ಶೇ. 69 ಮಂದಿ ಸ್ವಂತ ಮನೆಯಲ್ಲಿದ್ದು, ಅವರಲ್ಲಿ ಅನೇಕರಿಗೆ ಸಾಲವೇ ಇಲ್ಲ. ಇಂದು ಹೊಸದಾಗಿ ಮನೆ ಹುಡುಕುವ ಯುವಕನ ಸ್ಥಿತಿಯನ್ನು ಈ ಸರಾಸರಿ ಮರೆಮಾಡುತ್ತದೆ. ಹಾಗೆಯೇ ಕೆಲವರ ಅತ್ಯಧಿಕ ಸಂಬಳವು ಸರಾಸರಿ ವೇತನವನ್ನು ಮೇಲಕ್ಕೆ ಎಳೆಯುವುದರಿಂದ, ಅರ್ಧಕ್ಕಿಂತ ಹೆಚ್ಚು ನೌಕರರು ಸರಾಸರಿಗಿಂತ ಕಡಿಮೆ ಪಡೆಯುತ್ತಾರೆ. ಈ ಕಾರಣದಿಂದ ಅನೇಕ ಅಧ್ಯಯನಗಳು ಸರಾಸರಿಯ ಬದಲು ಮಧ್ಯಾಂಕವನ್ನು ಬಳಸುತ್ತವೆ.

## ಇತಿಹಾಸ

ದುಡಿಯುವ ಬಡವರಿಗೆ ಕಡಿಮೆ ಬಾಡಿಗೆಯ ಮನೆ ಒದಗಿಸುವ ಪ್ರಯತ್ನ ಯುರೋಪಿನಲ್ಲಿ ಹಳೆಯದು. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ವರ್ತಕ ಯಾಕೋಬ್ ಫುಗ್ಗರ್ 16ನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ‘ಫುಗ್ಗರೈ’ ವಸತಿ ಸಮುಚ್ಚಯ ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ಮೂಲ ವಾರ್ಷಿಕ ಬಾಡಿಗೆ ಈಗಲೂ ಒಂದು ಯೂರೋಗಿಂತ ಕಡಿಮೆ.

ಕೈಗಾರಿಕೀಕರಣದೊಂದಿಗೆ 19ನೆಯ ಶತಮಾನದಲ್ಲಿ ನಗರಗಳು ವೇಗವಾಗಿ ಬೆಳೆದಾಗ ಸಮಸ್ಯೆ ಉಲ್ಬಣಗೊಂಡಿತು. ಬರ್ಲಿನ್ನಿನ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ 1868ರಲ್ಲಿ, ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಬಾಡಿಗೆಯ ಪಾಲು ಹೆಚ್ಚುತ್ತದೆ ಎಂದು ತೋರಿಸಿದನು. ಇದು ‘ಶ್ವಾಬೆಯ ನಿಯಮ’ ಎಂದು ಪ್ರಸಿದ್ಧವಾಗಿದೆ. ಫ್ರೆಡರಿಕ್ ಎಂಗೆಲ್ಸ್ 1872ರಲ್ಲಿ ವಸತಿ ಸಮಸ್ಯೆಯನ್ನು ಕುರಿತು ಲೇಖನಮಾಲೆ ಬರೆದನು. ನೆದರ್ಲೆಂಡ್ಸ್ 1901ರಲ್ಲಿ ವಸತಿ ಕಾಯ್ದೆಯನ್ನು ಅಂಗೀಕರಿಸಿತು. ಮೊದಲನೆಯ ಮಹಾಯುದ್ಧದ ನಂತರ ಬ್ರಿಟನ್ 1919ರ ಕಾಯ್ದೆಯ ಮೂಲಕ ಸ್ಥಳೀಯ ಸಂಸ್ಥೆಗಳಿಗೆ ಮನೆ ಕಟ್ಟಿಸುವ ಹೊಣೆ ವಹಿಸಿತು.

ಎರಡನೆಯ ಮಹಾಯುದ್ಧದಲ್ಲಿ ನಾಶವಾದ ನಗರಗಳನ್ನು ಮರಳಿ ಕಟ್ಟುವಾಗ ಪಶ್ಚಿಮ ಮತ್ತು ಪೂರ್ವ ಯುರೋಪಿನ ಸರ್ಕಾರಗಳೆರಡೂ ಬೃಹತ್ ಪ್ರಮಾಣದಲ್ಲಿ ಮನೆಗಳನ್ನು ನಿರ್ಮಿಸಿದವು. ಸ್ವೀಡನ್ 1965ರಿಂದ 1974ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮನೆಗಳನ್ನು ಕಟ್ಟುವ ಯೋಜನೆಯನ್ನು ಕೈಗೊಂಡಿತು.

1980ರ ನಂತರ ಗಾಳಿ ದಿಕ್ಕು ಬದಲಿಸಿತು. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರ ವಸತಿ ಕಾಯ್ದೆಯ ಮೂಲಕ, ಪುರಸಭೆಯ ಮನೆಗಳಲ್ಲಿ ಬಾಡಿಗೆಗಿದ್ದವರಿಗೆ ಅವನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ನೀಡಿತು. ಅಂದಿನಿಂದ ಇಂಗ್ಲೆಂಡಿನಲ್ಲಿ ಸುಮಾರು 20 ಲಕ್ಷ ಮನೆಗಳು ಹೀಗೆ ಖಾಸಗಿಯವರ ಪಾಲಾದವು. ಅಷ್ಟೇ ಸಂಖ್ಯೆಯ ಹೊಸ ಮನೆಗಳು ಅವುಗಳ ಜಾಗವನ್ನು ತುಂಬಲಿಲ್ಲ. ಸಮಾಜವಾದಿ ಆಡಳಿತಗಳು ಕುಸಿದ ಮೇಲೆ ಪೂರ್ವ ಯುರೋಪಿನಲ್ಲಿ ಸರ್ಕಾರಿ ಮನೆಗಳನ್ನು ಅಲ್ಲಿ ವಾಸವಿದ್ದವರಿಗೆ ಅತಿ ಕಡಿಮೆ ಬೆಲೆಗೆ ಮಾರಲಾಯಿತು. ರೊಮೇನಿಯದಲ್ಲಿ ಶೇ. 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿರುವುದಕ್ಕೆ ಇದೇ ಮುಖ್ಯ ಕಾರಣ.

2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸ್ಪೇನ್ ಮತ್ತು ಐರ್ಲೆಂಡುಗಳ ಗೃಹ ಮಾರುಕಟ್ಟೆ ಕುಸಿಯಿತು. ನಿರ್ಮಾಣ ಸಂಸ್ಥೆಗಳು ಮುಚ್ಚಿದವು, ನುರಿತ ಕಾರ್ಮಿಕರು ವಲಸೆ ಹೋದರು. ಆರ್ಥಿಕತೆ ಚೇತರಿಸಿಕೊಂಡು ಬೇಡಿಕೆ ಮರಳಿದಾಗ ಕಟ್ಟುವ ಸಾಮರ್ಥ್ಯ ಮರಳಿರಲಿಲ್ಲ. ಇಂದಿನ ಕೊರತೆಯ ಒಂದು ಬೇರು ಇಲ್ಲಿದೆ.

## ಸರಾಸರಿ ವೇತನ ಮತ್ತು ಮನೆಯ ಬೆಲೆ

ಯೂರೋಸ್ಟಾಟ್ ಪ್ರಕಾರ 2023ರಲ್ಲಿ ಒಕ್ಕೂಟದ ಪೂರ್ಣಾವಧಿ ನೌಕರರ ಸರಾಸರಿ ವಾರ್ಷಿಕ ವೇತನ ಸುಮಾರು 37,900 ಯೂರೋ. ಲಕ್ಸೆಂಬರ್ಗ್‌ನಲ್ಲಿ ಇದು 81,000 ಯೂರೋ ದಾಟಿದ್ದರೆ, ಬಲ್ಗೇರಿಯದಲ್ಲಿ 13,500 ಯೂರೋಗಳ ಆಸುಪಾಸಿನಲ್ಲಿತ್ತು.

ಬೆಲೆ ಒಂದೇ ಇದ್ದರೂ ಬಡ್ಡಿದರದಿಂದ ಹೊರೆ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಚದರ ಮೀಟರಿಗೆ 4,000 ಯೂರೋ ದರದಲ್ಲಿ 70 ಚದರ ಮೀಟರ್ ಮನೆಯ ಬೆಲೆ 2,80,000 ಯೂರೋ, ಅಂದರೆ ಮೇಲಿನ ಸರಾಸರಿ ವೇತನದ 7.4 ಪಟ್ಟು. ತೆರಿಗೆ ಮತ್ತು ವಿಮೆಗೆ ವೇತನದ ಕಾಲುಭಾಗ ಕಡಿತವಾಗುತ್ತದೆ ಎಂದುಕೊಂಡರೆ ತಿಂಗಳಿಗೆ ಕೈಗೆ ಸಿಗುವುದು ಸುಮಾರು 2,370 ಯೂರೋ. ಬೆಲೆಯ ಶೇ. 20ನ್ನು ಕೈಯಿಂದ ಹಾಕಿ, ಉಳಿದ 2,24,000 ಯೂರೋಗಳನ್ನು 25 ವರ್ಷಗಳ ಸಾಲವಾಗಿ ಪಡೆದರೆ ಕಂತು ಹೀಗಿರುತ್ತದೆ:

| ವಾರ್ಷಿಕ ಬಡ್ಡಿದರ | ಮಾಸಿಕ ಕಂತು (ಯೂರೋ) | ಕೈಗೆ ಸಿಗುವ ವೇತನದಲ್ಲಿ ಪಾಲು |
|---|---|---|
| ಶೇ. 1.5 | ಸುಮಾರು 896 | ಸುಮಾರು ಶೇ. 38 |
| ಶೇ. 4 | ಸುಮಾರು 1,182 | ಸುಮಾರು ಶೇ. 50 |

ಮನೆಯ ಬೆಲೆ ಒಂದು ಯೂರೋ ಕೂಡ ಏರದೆ ಕಂತು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಕಂತಿಗಿಂತ ಮೊದಲೇ ಎದುರಾಗುವ ಅಡ್ಡಿಯೆಂದರೆ ಆರಂಭಿಕ ಮೊತ್ತ. ಇದೇ ನೌಕರ ತನ್ನ ಕೈಗೆ ಬರುವ ವೇತನದಲ್ಲಿ ತಿಂಗಳಿಗೆ ಶೇ. 15ನ್ನು ಉಳಿಸಿದರೂ 56,000 ಯೂರೋ ಕೂಡಿಡಲು 13 ವರ್ಷಗಳು ಬೇಕು. ನೋಂದಣಿ ಶುಲ್ಕ, ತೆರಿಗೆ ಮತ್ತು ದಲ್ಲಾಳಿ ಕಮಿಷನ್ ಇದರಲ್ಲಿ ಸೇರಿಲ್ಲ. ಆದ್ದರಿಂದ ಒಂಟಿ ವೇತನದವರಿಗಿಂತ ದಂಪತಿಗಳಿಬ್ಬರೂ ದುಡಿಯುವ ಕುಟುಂಬಗಳಿಗೆ, ಹಾಗೂ ತಂದೆತಾಯಿಯರಿಂದ ನೆರವು ಪಡೆಯಬಲ್ಲವರಿಗೆ ಮಾರುಕಟ್ಟೆ ಹೆಚ್ಚು ತೆರೆದಿರುತ್ತದೆ.

## ಕಾರಣಗಳು

* ಬಡ್ಡಿದರಗಳ ಏರಿಳಿತ: ಯುರೋಪಿಯನ್ ಕೇಂದ್ರ ಬ್ಯಾಂಕಿನ ಠೇವಣಿ ದರ 2014ರಿಂದ 2022ರವರೆಗೆ ಸೊನ್ನೆಗಿಂತ ಕೆಳಗಿತ್ತು. ಅಗ್ಗದ ಸಾಲದಿಂದ ಖರೀದಿದಾರರ ಶಕ್ತಿ ಹೆಚ್ಚಿ ಬೆಲೆ ಏರಿತು. ಹಣದುಬ್ಬರ ತಡೆಯಲು ಜುಲೈ 2022ರಿಂದ ದರವನ್ನು ಏರಿಸಲಾಗಿ ಅದು ಸೆಪ್ಟೆಂಬರ್ 2023ರಲ್ಲಿ ಶೇ. 4 ತಲುಪಿತು. ಆಗ ಬೆಲೆ ಅಲ್ಪಸ್ವಲ್ಪ ಇಳಿದರೂ ಸಾಲದ ಕಂತು ಅದಕ್ಕಿಂತ ಹೆಚ್ಚು ಏರಿತು. ಕೊಳ್ಳಲಾಗದವರು ಬಾಡಿಗೆ ಮನೆಗಳಲ್ಲೇ ಉಳಿದುದರಿಂದ ಬಾಡಿಗೆಯ ಮೇಲೆಯೂ ಒತ್ತಡ ಬಿದ್ದಿತು.
* ಪೂರೈಕೆಯ ಕೊರತೆ: ನಗರಗಳಲ್ಲಿ ಭೂಮಿಯ ಅಭಾವ, ಕಟ್ಟಡ ಪರವಾನಗಿಯ ವಿಳಂಬ, ಎತ್ತರದ ಮೇಲಿನ ನಿರ್ಬಂಧ ಹಾಗೂ ನೆರೆಹೊರೆಯವರ ವಿರೋಧಗಳಿಂದ ನಿರ್ಮಾಣ ನಿಧಾನವಾಗುತ್ತದೆ. 2021ರ ನಂತರ ಕಟ್ಟಡ ಸಾಮಗ್ರಿ ಮತ್ತು ಇಂಧನಗಳ ಬೆಲೆ ಏರಿ ವೆಚ್ಚ ಹೆಚ್ಚಿತು.
* ಕುಟುಂಬಗಳ ಗಾತ್ರ: ಒಕ್ಕೂಟದ ಕುಟುಂಬಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಒಬ್ಬರೇ ಇರುವ ಮನೆಗಳು. ಜನಸಂಖ್ಯೆ ಹೆಚ್ಚದಿದ್ದರೂ ಬೇಕಾಗುವ ಮನೆಗಳ ಸಂಖ್ಯೆ ಹೆಚ್ಚುತ್ತದೆ.
* ನಗರಗಳತ್ತ ವಲಸೆ: ಉದ್ಯೋಗ ಮತ್ತು ವಿಶ್ವವಿದ್ಯಾಲಯಗಳು ಕೆಲವೇ ನಗರಗಳಲ್ಲಿ ಕೇಂದ್ರೀಕೃತವಾಗಿವೆ. ದಕ್ಷಿಣ ಇಟಲಿ ಅಥವಾ ಸ್ಪೇನಿನ ಒಳನಾಡಿನ ಹಳ್ಳಿಗಳಲ್ಲಿ ಮನೆಗಳು ಖಾಲಿ ಬಿದ್ದಿರುವಾಗಲೇ ಮಿಲಾನ್ ಮತ್ತು ಮ್ಯಾಡ್ರಿಡ್‌ಗಳಲ್ಲಿ ಕೊಠಡಿಗಾಗಿ ಪೈಪೋಟಿ ಇರುತ್ತದೆ.
* ಹೂಡಿಕೆ ಮತ್ತು ಪ್ರವಾಸೋದ್ಯಮ: ಮನೆಯನ್ನು ವಾಸಕ್ಕಿಂತ ಹೂಡಿಕೆಯಾಗಿ ಕೊಳ್ಳುವ ನಿಧಿಗಳು, ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ಕೊಡುವ ಪದ್ಧತಿ ಹಾಗೂ ಆಸ್ತಿ ಕೊಂಡ ವಿದೇಶಿಯರಿಗೆ ನೀಡುವ ವಾಸದ ಪರವಾನಗಿಗಳು ಕೆಲವು ಬಡಾವಣೆಗಳಲ್ಲಿ ಸ್ಥಳೀಯರಿಗೆ ಲಭ್ಯವಿರುವ ಮನೆಗಳನ್ನು ಕಡಿಮೆ ಮಾಡಿವೆ.

## ದೇಶವಾರು ಸ್ಥಿತಿ

### ಜರ್ಮನಿ

ಯುರೋಪಿಯನ್ ಒಕ್ಕೂಟದಲ್ಲಿ ಬಾಡಿಗೆದಾರರ ಪ್ರಮಾಣ ಅತಿ ಹೆಚ್ಚಿರುವ ದೇಶ ಜರ್ಮನಿ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲಿದ್ದಾರೆ. ಸಹಾಯಧನ ಪಡೆದು ಕಟ್ಟಿದ ಮನೆಗಳ ಬಾಡಿಗೆ ಮಿತಿ ನಿಗದಿತ ಅವಧಿಯ ನಂತರ ಮುಗಿಯುವುದರಿಂದ ಅಂತಹ ಮನೆಗಳ ಸಂಖ್ಯೆ ಸತತವಾಗಿ ಕುಸಿದು 11 ಲಕ್ಷದ ಆಸುಪಾಸಿಗೆ ಇಳಿದಿದೆ. 2015ರ ಕಾನೂನಿನಂತೆ, ಬೇಡಿಕೆ ಹೆಚ್ಚಿರುವ ಪ್ರದೇಶಗಳಲ್ಲಿ ಹೊಸ ಕರಾರಿನ ಬಾಡಿಗೆ ಸ್ಥಳೀಯ ರೂಢಿಯ ಬಾಡಿಗೆಗಿಂತ ಶೇ. 10ಕ್ಕಿಂತ ಹೆಚ್ಚಿರಬಾರದು. ಬರ್ಲಿನ್ ರಾಜ್ಯವು 2020ರಲ್ಲಿ ಬಾಡಿಗೆಗಳನ್ನು ಸ್ಥಗಿತಗೊಳಿಸಿತು. ಆದರೆ ಅದು ರಾಜ್ಯದ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಸಾಂವಿಧಾನಿಕ ನ್ಯಾಯಾಲಯವು ಏಪ್ರಿಲ್ 2021ರಲ್ಲಿ ಆ ಕಾನೂನನ್ನು ರದ್ದುಪಡಿಸಿತು. ಅದೇ ಸೆಪ್ಟೆಂಬರಿನಲ್ಲಿ ನಡೆದ ಜನಮತಗಣನೆಯಲ್ಲಿ, ದೊಡ್ಡ ವಸತಿ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂಬ ಪ್ರಸ್ತಾವಕ್ಕೆ ಬಹುಮತ ದೊರೆಯಿತು. ಆ ಮತ ಸರ್ಕಾರವನ್ನು ಕಾನೂನಿನಿಂದ ಕಟ್ಟಿಹಾಕುವಂಥದ್ದಲ್ಲ.

### ಆಸ್ಟ್ರಿಯ

ರಾಜಧಾನಿ ವಿಯೆನ್ನಾವನ್ನು ಕೈಗೆಟುಕುವ ವಸತಿಯ ಮಾದರಿಯಾಗಿ ಉಲ್ಲೇಖಿಸಲಾಗುತ್ತದೆ. 1919ರಿಂದ 1934ರವರೆಗಿನ ‘ಕೆಂಪು ವಿಯೆನ್ನಾ’ ಕಾಲದಲ್ಲಿ ನಗರಾಡಳಿತವು 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿತು. ಇದಕ್ಕಾಗಿ 1923ರಲ್ಲಿ ಆರಂಭಿಸಿದ ವಸತಿ ತೆರಿಗೆಯ ದರ ಐಷಾರಾಮಿ ಮನೆಗಳಿಗೆ ಬಹಳ ಹೆಚ್ಚಿತ್ತು. 1930ರಲ್ಲಿ ಪೂರ್ಣಗೊಂಡ ಕಾರ್ಲ್ ಮಾರ್ಕ್ಸ್ ಹೋಫ್ ಆ ಕಾಲದ ಪ್ರಸಿದ್ಧ ಕಟ್ಟಡ. ಇಂದು ನಗರವು ಸುಮಾರು 2,20,000 ಮನೆಗಳ ಒಡೆತನ ಹೊಂದಿದೆ. ಸೀಮಿತ ಲಾಭದ ಸಂಘಗಳ ಬಳಿ ಸುಮಾರು ಅಷ್ಟೇ ಮನೆಗಳಿವೆ. ನಗರದ ಅರ್ಧದಷ್ಟು ಜನರು ಈ ಎರಡು ಬಗೆಯ ಮನೆಗಳಲ್ಲಿದ್ದಾರೆ. ವೇತನದ ಒಂದು ಸಣ್ಣ ಪಾಲನ್ನು ನೌಕರ ಮತ್ತು ಮಾಲೀಕರು ಸಮನಾಗಿ ಹಂಚಿಕೊಂಡು ವಸತಿ ವಂತಿಗೆಯಾಗಿ ಕಟ್ಟುತ್ತಾರೆ. ಆದಾಯ ಮಿತಿ ಉದಾರವಾಗಿರುವುದರಿಂದ ಮಧ್ಯಮವರ್ಗದವರಿಗೂ ಇಲ್ಲಿ ಅವಕಾಶವಿದೆ. ಆದರೆ ನಗರದಲ್ಲಿ ವಾಸವಿದ್ದ ಅವಧಿಯ ನಿಯಮದಿಂದಾಗಿ ಹೊಸದಾಗಿ ಬಂದವರು ದುಬಾರಿ ಖಾಸಗಿ ಮಾರುಕಟ್ಟೆಯನ್ನೇ ಅವಲಂಬಿಸಬೇಕಾಗುತ್ತದೆ ಎಂಬ ಟೀಕೆಯಿದೆ.

### ನೆದರ್ಲೆಂಡ್ಸ್

ಇಲ್ಲಿನ ಮನೆಗಳಲ್ಲಿ ಶೇ. 30ರ ಸಮೀಪದಷ್ಟು ಸಾಮಾಜಿಕ ಬಾಡಿಗೆ ಮನೆಗಳು. ಇದು ಒಕ್ಕೂಟದಲ್ಲೇ ಅತಿ ಹೆಚ್ಚಿನ ಪ್ರಮಾಣ. ಆದರೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂತಹ ಮನೆಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಯುವುದು ಸಾಮಾನ್ಯ. ಸರಾಸರಿ ವೇತನದವರ ಆದಾಯ ಸಾಮಾಜಿಕ ವಸತಿಗೆ ಹೆಚ್ಚು, ಖಾಸಗಿ ಬಾಡಿಗೆಗೆ ಕಡಿಮೆ ಎಂಬಂತಾಗಿದೆ. ಈ ಅಂತರವನ್ನು ತುಂಬಲು, ಮನೆಯ ವಿಸ್ತೀರ್ಣ ಮತ್ತು ಗುಣಮಟ್ಟಗಳಿಗೆ ಅಂಕ ನೀಡಿ ಬಾಡಿಗೆ ನಿಗದಿಪಡಿಸುವ ಪದ್ಧತಿಯನ್ನು ಜುಲೈ 2024ರಿಂದ ಮಧ್ಯಮ ಬಾಡಿಗೆಯ ಮನೆಗಳಿಗೂ ವಿಸ್ತರಿಸಲಾಯಿತು.

### ಐರ್ಲೆಂಡ್ ಮತ್ತು ಬ್ರಿಟನ್

ಐರ್ಲೆಂಡಿನಲ್ಲಿ 2006ರಲ್ಲಿ 80,000ಕ್ಕೂ ಹೆಚ್ಚು ಮನೆಗಳು ಪೂರ್ಣಗೊಂಡಿದ್ದರೆ, 2013ರಲ್ಲಿ ಈ ಸಂಖ್ಯೆ 5,000ಕ್ಕಿಂತ ಕೆಳಗಿಳಿದಿತ್ತು. 2015ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಗೃಹಸಾಲವನ್ನು ವಾರ್ಷಿಕ ಆದಾಯದ 3.5 ಪಟ್ಟಿಗೆ ಮಿತಿಗೊಳಿಸಿತು. 2023ರಿಂದ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಇದನ್ನು 4 ಪಟ್ಟಿಗೆ ಏರಿಸಲಾಯಿತು. ಇದರಿಂದ ಬ್ಯಾಂಕುಗಳು ಸುರಕ್ಷಿತವಾದರೂ, ಡಬ್ಲಿನ್ ನಗರದಲ್ಲಿ ಒಂದೇ ಸರಾಸರಿ ವೇತನದ ಮೇಲೆ ಮನೆ ಕೊಳ್ಳುವುದು ಬಹುಮಟ್ಟಿಗೆ ಅಸಾಧ್ಯವಾಗಿದೆ. ಬ್ರಿಟನ್ನಿನಲ್ಲಿ ಪ್ರಾದೇಶಿಕ ಅಂತರ ಎದ್ದುಕಾಣುತ್ತದೆ: 2023ರಲ್ಲಿ ಈಶಾನ್ಯ ಇಂಗ್ಲೆಂಡಿನಲ್ಲಿ ಮನೆಯ ಬೆಲೆ ಐದು ವರ್ಷಗಳ ವೇತನದ ಆಸುಪಾಸಿನಲ್ಲಿದ್ದರೆ, ಲಂಡನ್ನಿನಲ್ಲಿ ಹನ್ನೆರಡು ವರ್ಷಗಳ ಸಮೀಪವಿತ್ತು.

### ದಕ್ಷಿಣ ಯುರೋಪ್

ಸ್ಪೇನಿನಲ್ಲಿ 2008ರ ನಂತರ ಸಾಲ ತೀರಿಸಲಾಗದೆ ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡವು. ಇದರ ವಿರುದ್ಧ 2009ರಲ್ಲಿ ಬಾರ್ಸಿಲೋನಾದಲ್ಲಿ ಆರಂಭವಾದ ಚಳವಳಿಯ ನಾಯಕಿ ಆದಾ ಕೊಲಾವ್ 2015ರಲ್ಲಿ ಆ ನಗರದ ಮೇಯರ್ ಆದರು. 2024ರಲ್ಲಿ ಬಾರ್ಸಿಲೋನಾ ಆಡಳಿತವು ಪ್ರವಾಸಿ ಬಾಡಿಗೆಯ ಸುಮಾರು 10,000 ಮನೆಗಳ ಪರವಾನಗಿಗಳನ್ನು 2028ರ ನಂತರ ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಪೋರ್ಚುಗಲ್ಲಿನಲ್ಲಿ 2015ರಿಂದ 2023ರ ನಡುವೆ ಮನೆಗಳ ಬೆಲೆ ಸುಮಾರು ಇಮ್ಮಡಿಯಾಯಿತು. 2024ರಲ್ಲಿ ಅಲ್ಲಿನ ಕನಿಷ್ಠ ಮಾಸಿಕ ವೇತನ 820 ಯೂರೋ ಮಾತ್ರ. 2012ರಲ್ಲಿ ಆರಂಭಿಸಿದ ‘ಚಿನ್ನದ ವೀಸಾ’ ಯೋಜನೆಯಿಂದ ಆಸ್ತಿ ಖರೀದಿಯ ಮಾರ್ಗವನ್ನು ಸರ್ಕಾರ 2023ರಲ್ಲಿ ಕೈಬಿಟ್ಟಿತು. ಗ್ರೀಸಿನಲ್ಲಿ ಮನೆಗಳು ಲಂಡನ್ನಿನಷ್ಟು ದುಬಾರಿಯಲ್ಲ. ಸಾಲದ ಬಿಕ್ಕಟ್ಟಿನಲ್ಲಿ ಕುಸಿದ ವೇತನಗಳು ಚೇತರಿಸಿಕೊಳ್ಳುವ ಮೊದಲೇ ಬಾಡಿಗೆ ಏರತೊಡಗಿದ್ದು ಅಲ್ಲಿನ ಹೊರೆಗೆ ಕಾರಣ.

### ಪೂರ್ವ ಯುರೋಪ್

ಸ್ವಂತ ಮನೆಯುಳ್ಳವರೇ ಹೆಚ್ಚಿರುವ ಈ ದೇಶಗಳಲ್ಲಿ ವಸತಿವೆಚ್ಚದ ಅಂಕಿಗಳು ಉತ್ತಮವಾಗಿ ಕಾಣುತ್ತವೆ. ಸಮಸ್ಯೆ ಇಲ್ಲಿ ಬೇರೆ ರೂಪ ತಾಳುತ್ತದೆ. ರೊಮೇನಿಯ ಮತ್ತು ಲಾಟ್ವಿಯಗಳಲ್ಲಿ ಸುಮಾರು ಶೇ. 40 ಜನರು ತಮ್ಮ ಕುಟುಂಬದ ಗಾತ್ರಕ್ಕೆ ಸಾಲದಷ್ಟು ಇಕ್ಕಟ್ಟಾದ ಮನೆಗಳಲ್ಲಿದ್ದಾರೆ. ಬಾಡಿಗೆ ಮಾರುಕಟ್ಟೆ ಚಿಕ್ಕದಾಗಿರುವುದರಿಂದ ಯುವಜನರಿಗೆ ಹೆತ್ತವರ ಮನೆಯ ಹೊರತು ಆಯ್ಕೆಗಳು ಕಡಿಮೆ.

## ಪರಿಣಾಮಗಳು

ಮನೆ ಸಿಗದಿರುವುದರ ನೇರ ಪರಿಣಾಮ ಕಾಣುವುದು ಯುವಜನರ ಬದುಕಿನಲ್ಲಿ. ಒಕ್ಕೂಟದಲ್ಲಿ ತಂದೆತಾಯಿಯರ ಮನೆಯಿಂದ ಹೊರಬೀಳುವ ಸರಾಸರಿ ವಯಸ್ಸು 26 ದಾಟಿದೆ. ಫಿನ್ಲೆಂಡಿನಲ್ಲಿ ಇದು 21ರ ಆಸುಪಾಸಿನಲ್ಲಿದ್ದರೆ ಕ್ರೊಯೇಷಿಯದಲ್ಲಿ 30ಕ್ಕೂ ಹೆಚ್ಚು. ಕುಟುಂಬ ಜೀವನದ ರೂಢಿಗಳೂ ಈ ವ್ಯತ್ಯಾಸಕ್ಕೆ ಕಾರಣವಾಗಿದ್ದರೂ, ವಿವಾಹ ಮತ್ತು ಮಕ್ಕಳನ್ನು ಮುಂದೂಡುವುದಕ್ಕೆ ವಸತಿವೆಚ್ಚವೂ ಒಂದು ಕಾರಣವೆಂದು ಪರಿಗಣಿಸಲಾಗುತ್ತದೆ. ಶಿಕ್ಷಕರು, ದಾದಿಯರು, ಬಸ್ ಚಾಲಕರು ತಾವು ಸೇವೆ ಸಲ್ಲಿಸುವ ನಗರದಲ್ಲೇ ವಾಸಿಸಲಾಗದೆ ದೂರದಿಂದ ಬಂದುಹೋಗಬೇಕಾಗುತ್ತದೆ. ಮನೆಯಿದ್ದವರ ಸಂಪತ್ತು ಕುಳಿತಲ್ಲೇ ಬೆಳೆದು, ಇಲ್ಲದವರ ವೇತನ ಬಾಡಿಗೆಯಲ್ಲಿ ಕರಗುವುದರಿಂದ ತಲೆಮಾರುಗಳ ನಡುವಿನ ಆರ್ಥಿಕ ಅಂತರ ಹೆಚ್ಚುತ್ತದೆ. ಇದರ ಅತ್ಯಂತ ಕಠೋರ ರೂಪ ನಿರಾಶ್ರಿತತೆ. ಷರತ್ತಿಲ್ಲದೆ ಮೊದಲು ಮನೆ, ನಂತರ ಇತರ ನೆರವು ಎಂಬ ನೀತಿಯನ್ನು 2008ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿ ಜಾರಿಗೊಳಿಸಿದ ಫಿನ್ಲೆಂಡ್, ದೀರ್ಘಕಾಲ ಮನೆಯಿಲ್ಲದೆ ಇದ್ದವರ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿತು.

## ನೀತಿಗಳು ಮತ್ತು ವಾದಗಳು

ಪರಿಹಾರದ ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಬಾಡಿಗೆ ನಿಯಂತ್ರಣವು ಈಗಾಗಲೇ ವಾಸವಿರುವವರನ್ನು ಹಠಾತ್ ಏರಿಕೆಯಿಂದ ಕಾಪಾಡುತ್ತದೆ ಎಂಬುದು ಒಂದು ವಾದ. ಮಾಲೀಕರು ಮನೆಗಳನ್ನು ಬಾಡಿಗೆಗೆ ಕೊಡದೆ ಮಾರುವುದರಿಂದ ಹೊಸದಾಗಿ ಹುಡುಕುವವರಿಗೆ ತೊಂದರೆ ಹೆಚ್ಚುತ್ತದೆ ಎಂಬುದು ಪ್ರತಿವಾದ. ಬರ್ಲಿನ್ನಿನ ಅಲ್ಪಕಾಲದ ಸ್ಥಗಿತ ನೀತಿಯಲ್ಲಿ ಎರಡೂ ಕಂಡುಬಂದವು: ನಿಯಂತ್ರಣಕ್ಕೊಳಪಟ್ಟ ಮನೆಗಳ ಬಾಡಿಗೆ ಇಳಿಯಿತು, ಜೊತೆಗೆ ಬಾಡಿಗೆಗೆ ಲಭ್ಯವೆಂಬ ಜಾಹೀರಾತುಗಳೂ ಕಡಿಮೆಯಾದವು. ಖರೀದಿದಾರರಿಗೆ ಸಹಾಯಧನ ನೀಡಿದಾಗ, ಮನೆಗಳ ಸಂಖ್ಯೆ ಹೆಚ್ಚದಿದ್ದರೆ ಆ ಹಣ ಬೆಲೆಯಲ್ಲೇ ಸೇರಿಹೋಗುವ ಅಪಾಯವಿದೆ. ಫ್ರಾನ್ಸಿನ 2000ದ ಕಾನೂನು ಬೇರೊಂದು ದಾರಿ ಹಿಡಿದಿದೆ. ನಿಗದಿತ ಜನಸಂಖ್ಯೆ ಮೀರಿದ ನಗರಸಭೆಗಳು ತಮ್ಮಲ್ಲಿನ ಮನೆಗಳ ಶೇ. 20ರಿಂದ 25ರಷ್ಟನ್ನು ಸಾಮಾಜಿಕ ವಸತಿಯಾಗಿ ಹೊಂದಿರಬೇಕು, ತಪ್ಪಿದರೆ ದಂಡ ತೆರಬೇಕು.

ವಸತಿ ನೀತಿಯು ಮೂಲತಃ ಸದಸ್ಯ ರಾಷ್ಟ್ರಗಳ ಅಧಿಕಾರಕ್ಕೆ ಸೇರಿದ್ದು. 2017ರಲ್ಲಿ ಘೋಷಿಸಲಾದ ಯುರೋಪಿನ ಸಾಮಾಜಿಕ ಹಕ್ಕುಗಳ ತತ್ತ್ವಗಳಲ್ಲಿ ವಸತಿಯ ನೆರವೂ ಸೇರಿದೆ. ಡಿಸೆಂಬರ್ 2024ರಲ್ಲಿ ಡೆನ್ಮಾರ್ಕಿನ ಡಾನ್ ಯೋರ್ಗನ್‌ಸನ್ ಅವರು ಇಂಧನದೊಂದಿಗೆ ವಸತಿಯ ಹೊಣೆಯನ್ನೂ ಹೊತ್ತು ಯುರೋಪಿಯನ್ ಆಯೋಗದ ಮೊದಲ ವಸತಿ ಆಯುಕ್ತರಾದರು.

## ವಿದೇಶಿ ವಿದ್ಯಾರ್ಥಿಗಳು ಮತ್ತು ನೌಕರರು

ಕರ್ನಾಟಕವೂ ಸೇರಿದಂತೆ ಭಾರತದಿಂದ ಉನ್ನತ ಶಿಕ್ಷಣಕ್ಕೂ ತಂತ್ರಜ್ಞಾನದ ಉದ್ಯೋಗಕ್ಕೂ ಹೋಗುವವರು ಸೇರುವುದು ಬಹುತೇಕ ಇದೇ ದುಬಾರಿ ನಗರಗಳನ್ನು. ಸ್ಥಳೀಯ ಸಾಲದ ಇತಿಹಾಸ ಮತ್ತು ಸಂಬಳದ ಚೀಟಿಗಳಿಲ್ಲದೆ ಅವರಿಗೆ ಮೊದಲ ಮನೆ ಸಿಗುವುದು ಕಷ್ಟ. ಮುಂಗಡದ ಮೊತ್ತಕ್ಕೆ ಕಾನೂನಿನ ಮಿತಿಯಿದೆ: ಜರ್ಮನಿಯಲ್ಲಿ ಗರಿಷ್ಠ ಮೂರು ತಿಂಗಳ ಮೂಲ ಬಾಡಿಗೆ, ಐರ್ಲೆಂಡಿನಲ್ಲಿ ಒಂದು ತಿಂಗಳ ಬಾಡಿಗೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಐದು ವಾರಗಳ ಬಾಡಿಗೆ. ಬೆಂಗಳೂರಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹತ್ತು ತಿಂಗಳ ಮುಂಗಡಕ್ಕೆ ಹೋಲಿಸಿದರೆ ಇದು ಅಲ್ಪ. ಜರ್ಮನಿಯ ಜಾಹೀರಾತುಗಳಲ್ಲಿ ‘ತಣ್ಣನೆಯ ಬಾಡಿಗೆ’ ಎಂದರೆ ಮೂಲ ಬಾಡಿಗೆ ಮಾತ್ರ. ಮನೆ ಕಾಯಿಸುವ ಮತ್ತು ನಿರ್ವಹಣೆಯ ಖರ್ಚು ಸೇರಿದ್ದು ‘ಬೆಚ್ಚನೆಯ ಬಾಡಿಗೆ’. ವೇತನದೊಂದಿಗೆ ಹೋಲಿಸಬೇಕಾದದ್ದು ಎರಡನೆಯದನ್ನು.

## ಇವನ್ನೂ ನೋಡಿ

* ಯುರೋಪಿಯನ್ ಒಕ್ಕೂಟ
* ಯುರೋಪಿಯನ್ ಕೇಂದ್ರ ಬ್ಯಾಂಕ್
* ಹಣದುಬ್ಬರ
* ಗೃಹಸಾಲ
* ನಗರೀಕರಣ